ಉಸಿರು ಮತ್ತು ಉಸುರು



ನಮ್ಮ ಗ್ರಾಮದ ಪ್ರಾಣದೇವರ ಗುಡಿಯ ಜೀರ್ಣೋದ್ಧಾರ ಕಾರ್ಯವು ಮುಗಿಯುತ್ತ ಬಂದಿರುವ ಈ ಶುಭಸಮಯದಲ್ಲಿ, ಸ್ಮರಣ ಸಂಚಿಕೆಗೆ ನಾಲ್ಕು ಮಾತು ಬರೆದುಕೊಡಬೇಕೆಂದು ಹಿರಿಯರು ಅಪ್ಪಣೆ ಮಾಡಿರುವರು. ಯಾವ ವಿಷಯವನ್ನು ಕುರಿತು ಬರೆಯುವುದೆಂದು ದೂರ ಹುಡುಕಬೇಕಾಗಿಲ್ಲ. ಗರ್ಭಗೃಹದಲ್ಲಿ ನಾವು ಪುನಃ ಪ್ರತಿಷ್ಠಿಸಲಿರುವ ಸ್ವಾಮಿಯ ಹೆಸರೇ ಒಂದು ಉಪನ್ಯಾಸಕ್ಕೆ ಸಾಕಾದ ವಿಷಯವಾಗಿದೆ. ಆಂಜನೇಯನನ್ನು ನಮ್ಮ ಹಿರಿಯರು ಮುಖ್ಯಪ್ರಾಣನೆಂದು ಕರೆದರು. ಪ್ರಾಣವೆಂದರೆ ಉಸಿರು. ಹಗಲಿರುಳು ನಮ್ಮ ಎದೆಯೊಳಗೆ ಬಂದು ಹೋಗುವ ಆ ಉಸಿರೆಂಬ ಮಾತಿನ ಅರ್ಥವೇನು, ಅದನ್ನು ನಾವು ಯಾವುದಕ್ಕೆ ಬಳಸುತ್ತಿದ್ದೇವೆ ಎಂಬುದನ್ನು ಇಂದು ಸ್ವಲ್ಪ ವಿಚಾರ ಮಾಡೋಣ.

ನಮ್ಮದು ಎರಡು ನುಡಿಗಳ ಸೀಮೆ. ಹಿಂದೂಪುರದ ಮಾರುಕಟ್ಟೆಯಲ್ಲಿ ಹುಣಿಸೆಹಣ್ಣಿನ ಧಾರಣೆಯನ್ನು ತೆಲುಗಿನಲ್ಲಿ ಕೇಳಿ, ಮನೆಗೆ ಬಂದು ಕನ್ನಡದಲ್ಲಿ ಲೆಕ್ಕ ಒಪ್ಪಿಸುವ ಜನ ನಾವು. ಕಲ್ಯಾಣದುರ್ಗದ ಕಡೆಯವರು ಪಾವಗಡಕ್ಕೆ ಹೆಣ್ಣು ಕೊಡುವರು, ಪಾವಗಡದಿಂದ ಹೆಣ್ಣು ತರುವರು. ಸಂಬಂಧಕ್ಕೆ ಗಡಿಯ ಕಲ್ಲು ಅಡ್ಡಬಂದುದಿಲ್ಲ. ನೊಳಂಬ ಅರಸರ ರಾಜಧಾನಿಯಾಗಿದ್ದ ಹೆಂಜೇರು, ಎಂದರೆ ಇಂದಿನ ಹೇಮಾವತಿ, ಮಡಕಶಿರಾ ಸೀಮೆಯಲ್ಲಿಯೇ ಇದೆ. ಅಲ್ಲಿಯ ಶಿಲಾಶಾಸನಗಳು ಕನ್ನಡದಲ್ಲಿ ಮಾತನಾಡುತ್ತವೆ. 1953ರಲ್ಲಿ ಆಂಧ್ರ ರಾಜ್ಯವೂ 1956ರಲ್ಲಿ ಆಂಧ್ರ ಪ್ರದೇಶವೂ ಆದವು. 2022ರಲ್ಲಿ ಹಿಂದೂಪುರವು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿ, ಕಲ್ಯಾಣದುರ್ಗವು ಅನಂತಪುರ ಜಿಲ್ಲೆಯಲ್ಲಿ ಉಳಿಯಿತು. ಜಿಲ್ಲೆಯ ಹೆಸರು ಬದಲಾಯಿತಲ್ಲದೆ ಅಡಿಗೆಮನೆಯ ಮಾತು ಬದಲಾಗಲಿಲ್ಲ. ಇಂತಹ ಸೀಮೆಯಲ್ಲಿ ಹುಟ್ಟಿದವರಿಗೆ ಒಂದು ಭಾಗ್ಯವುಂಟು: ಒಂದೇ ಶಬ್ದದ ಎರಡು ಮುಖಗಳನ್ನು ನಾವು ತಾಯಿಯ ಮಡಿಲಲ್ಲಿಯೇ ಕಲಿಯುತ್ತೇವೆ.

ಕನ್ನಡದಲ್ಲಿ ಉಸಿರು ಎಂದರೆ ಶ್ವಾಸ. ತೆಲುಗಿನಲ್ಲಿ ದಿನಬಳಕೆಗೆ ಊಪಿರಿ ಎನ್ನುವರು. ಆದರೆ ನಮ್ಮ ಉಸಿರಿನ ಒಡಹುಟ್ಟಿದ ಶಬ್ದವೊಂದು ತೆಲುಗಿನಲ್ಲಿಯೂ ಬದುಕಿದೆ, ಅದೇ ಉಸುರು. ತಮಿಳಿನ ಉಯಿರ್ ಎಂಬುದೂ ಇದೇ ಕುಲದ್ದು. ಅಲ್ಲಿ ಅದಕ್ಕೆ ಜೀವವೆಂದೇ ಅರ್ಥ. ತೆಲುಗಿನ ಉಸುರಿಗೂ ಜೀವವೆಂಬ ಅರ್ಥವಿದೆ. ಆದರೆ ಹಳ್ಳಿಯಲ್ಲಿ ಆ ಮಾತು ಯಾವಾಗ ಬಾಯಿಗೆ ಬರುವುದೆಂಬುದನ್ನು ನೆನೆದುಕೊಳ್ಳಿರಿ. ಒಬ್ಬನು ಕೂಲಿಯವನ ಕೂಲಿಯನ್ನು ತಡೆಹಿಡಿದರೆ, ಅನಾಥೆಯ ಹೊಲದ ಬದುವನ್ನು ಒತ್ತಿಕೊಂಡರೆ, ಮನೆಯ ಅಜ್ಜಿಯು ತಲೆಯಲ್ಲಾಡಿಸಿ, 'ಉಸುರು ಪೋಸುಕೋಕು ನಾಯನಾ, ಉಸುರು ತಗುಲುತುಂದಿ' ಎನ್ನುವಳು. ನೊಂದವನ ಉಸುರನ್ನು ಮೈಮೇಲೆ ಸುರಿದುಕೊಳ್ಳಬೇಡ, ಅದು ತಟ್ಟದೆ ಬಿಡದು ಎಂದು ಇದರ ಅಭಿಪ್ರಾಯ. ಕನ್ನಡದಲ್ಲಿ ನಾವು ಇದನ್ನೇ ಬಡವರ ನಿಟ್ಟುಸಿರು ತಟ್ಟುವುದು ಎನ್ನುತ್ತೇವೆ. ಒಂದು ನುಡಿಯಲ್ಲಿ ಬದುಕಿಸುವ ಗಾಳಿ, ಇನ್ನೊಂದು ನುಡಿಯಲ್ಲಿ ಸುಡುವ ಗಾಳಿ. ಎರಡೂ ಹೊರಡುವುದು ಮಾತ್ರ ಒಂದೇ ಎದೆಯಿಂದ.

ಉಸಿರಿಗೆ ಕನ್ನಡದಲ್ಲಿ ಮತ್ತೊಂದು ಅರ್ಥವುಂಟು. ಹಳಗನ್ನಡದಿಂದಲೂ ಉಸಿರುವುದು ಎಂದರೆ ಹೇಳುವುದು, ನುಡಿಯುವುದು. ಅನ್ಯಾಯವನ್ನು ಕಂಡೂ ಸುಮ್ಮನಿದ್ದವನನ್ನು 'ಉಸಿರೆತ್ತಲಿಲ್ಲ' ಎಂದು ಇಂದಿಗೂ ಹೇಳುವೆವಷ್ಟೆ. 13ನೆಯ ಶತಮಾನದ ವೈಯಾಕರಣನಾದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಶಬ್ದದ ಹುಟ್ಟನ್ನು ವಿವರಿಸುವಾಗ, ಜೀವನ ಇಚ್ಛೆಯಿಂದ ನಾಭಿಯ ಮೂಲದಲ್ಲಿ ಗಾಳಿಯು ಅನುಕೂಲವಾಗಿ ಎದ್ದು ಕಹಳೆಯಂತೆ ಶಬ್ದವು ಹೊಮ್ಮುವುದೆಂದು ಹೇಳಿರುವನು. ಶಾಲೆಯ ಮಕ್ಕಳು ಕನ್ನಡದಲ್ಲಾಗಲಿ ತೆಲುಗಿನಲ್ಲಾಗಲಿ ಅಕ್ಷರ ಕಲಿಯುವಾಗ ಕಕಾರವನ್ನು ಅಲ್ಪಪ್ರಾಣವೆಂದೂ ಖಕಾರವನ್ನು ಮಹಾಪ್ರಾಣವೆಂದೂ ಓದುವರು. ಕಡಿಮೆ ಉಸಿರಿನ ಅಕ್ಷರ, ಹೆಚ್ಚು ಉಸಿರಿನ ಅಕ್ಷರ ಎಂದಷ್ಟೇ ಅದರ ಅರ್ಥ. ಮಾತೆಂಬುದು ಆಕಾರ ಪಡೆದ ಉಸಿರಲ್ಲದೆ ಮತ್ತೇನು? ಬೃಹದಾರಣ್ಯಕೋಪನಿಷತ್ತು ವೇದಗಳನ್ನೇ ಆ ಮಹಾಪುರುಷನ ನಿಃಶ್ವಾಸವೆಂದು ವರ್ಣಿಸಿದೆ. ಆತನ ಉಸಿರು ವೇದವಾಯಿತು. ನಮ್ಮ ಉಸಿರು ಏನಾಗುತ್ತಿದೆಯೆಂಬುದನ್ನು ನಾವೇ ಕೇಳಿಕೊಳ್ಳಬೇಕು.

ಇನ್ನು ಸಂಸ್ಕೃತದ ಕಡೆಗೆ ನೋಡೋಣ. ಅಲ್ಲಿ ಶ್ವಾಸವೆಂಬ ಮಾತು ಶ್ವಸ್ ಎಂಬ ಧಾತುವಿನಿಂದ ಬಂದುದು. ನಾವು ದಿನವೂ ಆಡುವ ಇನ್ನೆರಡು ಮಾತುಗಳು ಇದೇ ಧಾತುವಿನಿಂದ ಹುಟ್ಟಿವೆಯೆಂಬುದನ್ನು ಹೆಚ್ಚು ಜನರು ಗಮನಿಸಿರಲಾರರು. ಒಂದು ವಿಶ್ವಾಸ, ಇನ್ನೊಂದು ಆಶ್ವಾಸನೆ. ಯಾರ ಬಳಿಯಲ್ಲಿ ಕುಳಿತಾಗ ಅಂಜಿಕೆಯಿಲ್ಲದೆ ಸರಾಗವಾಗಿ ಉಸಿರಾಡಬಹುದೋ ಅವರಲ್ಲಿ ನಮಗೆ ವಿಶ್ವಾಸ. ಯಾರ ಮಾತನ್ನು ಕೇಳಿ ನಿಂತುಹೋದಂತಿದ್ದ ಉಸಿರು ಮರಳಿ ಆಡುವುದೋ ಅವರು ನಮಗೆ ಕೊಟ್ಟದ್ದು ಆಶ್ವಾಸನೆ. ಸಾಲಕೊಟ್ಟವನ ಮುಂದೆ ಸಾಲಗಾರನೂ ಸಿಡುಕುವ ಗಂಡನ ಮುಂದೆ ಹೆಂಡತಿಯೂ ಹೇಗೆ ಉಸಿರು ಬಿಗಿಹಿಡಿದು ನಿಲ್ಲುವರೆಂಬುದನ್ನು ಬಲ್ಲವರಿಗೆ ಈ ಧಾತುವಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಪ್ರಾಣವು ಎಷ್ಟು ದೊಡ್ಡದೆಂಬುದಕ್ಕೆ ಛಾಂದೋಗ್ಯದಲ್ಲಿ ಒಂದು ಕಥೆ ಬರುವುದು. ತಮ್ಮೊಳಗೆ ಯಾರು ಶ್ರೇಷ್ಠರೆಂದು ಇಂದ್ರಿಯಗಳಿಗೆ ಒಮ್ಮೆ ಜಗಳ ಹುಟ್ಟಿತು. ಪ್ರಜಾಪತಿಯು, ನಿಮ್ಮಲ್ಲಿ ಯಾರು ಹೊರಟರೆ ಶರೀರವು ತೀರ ಹೀನವಾಗಿ ಕಾಣುವುದೋ ಆತನೇ ಶ್ರೇಷ್ಠನೆಂದು ತೀರ್ಪಿತ್ತನು. ವಾಕ್ಕು ಒಂದು ವರ್ಷ ಹೊರಗಿದ್ದು ಬಂದಿತು. ಮನುಷ್ಯನು ಮೂಗನಾಗಿ ಬದುಕಿದ್ದನು. ಕಣ್ಣು ಹೋಗಿಬಂದಿತು, ಕುರುಡನಾಗಿ ಬದುಕಿದ್ದನು. ಕಿವಿ ಹೋಗಿಬಂದಿತು, ಕಿವುಡನಾಗಿ ಬದುಕಿದ್ದನು. ಮನಸ್ಸು ಹೋಗಿಬಂದಿತು, ಹಸುಗೂಸಿನಂತೆ ಬದುಕಿದ್ದನು. ಕಡೆಗೆ ಪ್ರಾಣವು ಹೊರಡಲು ಎದ್ದಿತು. ಜಾತ್ಯಶ್ವವೊಂದು ಓಡಲೆಳಸಿದಾಗ ಕಾಲಿಗೆ ಕಟ್ಟಿದ ಗೂಟಗಳೆಲ್ಲ ಕಿತ್ತುಬರುವಂತೆ ಉಳಿದ ಇಂದ್ರಿಯಗಳೆಲ್ಲ ಬುಡಸಹಿತ ಅಲುಗಾಡಿದವು. ಸ್ವಾಮೀ, ನೀನೇ ಶ್ರೇಷ್ಠನು, ಹೋಗಬೇಡವೆಂದು ಕೈಮುಗಿದವು. ವರ್ಷವಿಡೀ ತನ್ನ ಹಿರಿಮೆಯನ್ನು ಹೇಳಿಕೊಳ್ಳದೆ ದುಡಿದವನೇ ಹಿರಿಯನೆಂದು ಅಂದು ತಿಳಿಯಿತು.

ನಮಗೂ ಇದು ತಿಳಿದ ದಿನಗಳುಂಟು. 2021ರ ಬೇಸಗೆಯಲ್ಲಿ ಮಹಾಮಾರಿಯು ಎರಡನೆಯ ಸಲ ಬಂದಾಗ, ದೇಶದಲ್ಲೆಲ್ಲ ಜನರು ಆಮ್ಲಜನಕದ ಸಿಲಿಂಡರಿಗಾಗಿ ಸಾಲುಗಟ್ಟಿ ನಿಂತುದನ್ನು ಕಂಡೆವು. ಅಲ್ಲಿಯವರೆಗೂ ಬೆಲೆಯಿಲ್ಲದ ವಸ್ತುವೆಂದು ನಾವು ತಿಳಿದಿದ್ದುದು ಬೆಲೆ ಕಟ್ಟಲಾಗದ ವಸ್ತುವಾಗಿತ್ತು.

ಯೋಗಶಾಸ್ತ್ರವು ಮನುಷ್ಯನು ಒಂದು ಅಹೋರಾತ್ರಿಯಲ್ಲಿ 21,600 ಸಲ ಉಸಿರಾಡುವನೆಂದು ಎಣಿಸಿದೆ. ನಿಮಿಷಕ್ಕೆ 15ರಂತೆ ಗುಣಿಸಿ ನೋಡಿದರೆ ಲೆಕ್ಕವು ಸರಿಹೋಗುವುದು. ಇಂದಿನ ವೈದ್ಯರೂ ವಿಶ್ರಾಂತಿಯಲ್ಲಿರುವ ವಯಸ್ಕರಿಗೆ ನಿಮಿಷಕ್ಕೆ 12ರಿಂದ 20 ಉಸಿರುಗಳು ಸಹಜವೆನ್ನುವರು. ಉಸಿರು ಹೊರಹೋಗುವಾಗ ಹಕಾರ, ಒಳಬರುವಾಗ ಸಕಾರ. ಹೀಗೆ ಜಪಿಸದೆಯೇ ನಡೆಯುವ ಹಂಸಮಂತ್ರದ ಜಪಕ್ಕೆ ಅಜಪಾಜಪವೆಂದು ಹೆಸರು. ಜೀವನು ಪರಮಾತ್ಮನೇ ಎಂಬ ಭಾವವನ್ನು ಅದ್ವೈತಿಗಳು ಇದರಲ್ಲಿ ಕಾಣುವರು. ಮಾಧ್ವರು, ಪ್ರತಿಯೊಂದು ಜೀವಿಯೊಳಗೂ ಮುಖ್ಯಪ್ರಾಣನೇ ಕುಳಿತು ಆ ಜೀವಿಯ ಪರವಾಗಿ ಈ ಜಪವನ್ನು ಮಾಡುತ್ತಿರುವನೆಂದು ಹೇಳುವರು. ಮತಭೇದವು ವಿದ್ವಾಂಸರಿಗಿರಲಿ. ನಮಗೆ ಬೇಕಾದ ಸಂಗತಿ ಇಷ್ಟು: ಜಪವು ಸಾಹುಕಾರನೊಳಗೆ ಎಷ್ಟು ಸಲ ನಡೆಯುವುದೋ, ಗುಡಿಯ ಹೊರಗೆ ಕಲ್ಲು ಹೊರುವವಳೊಳಗೂ ಅಷ್ಟೇ ಸಲ ನಡೆಯುವುದು. ಪ್ರಾಣದೇವರು ಗರ್ಭಗೃಹದಲ್ಲಿ ಮಾತ್ರ ಕುಳಿತವನಲ್ಲ.

ಈಗ ಉಸುರಿನ ಕಥೆಗೆ ಬರೋಣ. ಬಾಲಾಂಜನೇಯನು ಉದಯಸೂರ್ಯನನ್ನು ಹಣ್ಣೆಂದು ತಿಳಿದು ಹಾರಿದನೆಂಬುದನ್ನು ನಮ್ಮ ಮಕ್ಕಳೂ ಬಲ್ಲರು. ಇಂದ್ರನು ಕೋಪದಿಂದ ವಜ್ರಾಯುಧವನ್ನು ಬೀಸಿದನು. ಕೂಸು ದವಡೆ ಮುರಿದು ಬೆಟ್ಟದ ಮೇಲೆ ಬಿದ್ದಿತು. ಮುಂದೆ ನಡೆದುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ತಂದೆಯಾದ ವಾಯುದೇವನು ಇಂದ್ರನೊಡನೆ ಯುದ್ಧಕ್ಕೆ ನಿಲ್ಲಲಿಲ್ಲ. ಮಗನನ್ನು ಎತ್ತಿಕೊಂಡು ಗುಹೆಯನ್ನು ಹೊಕ್ಕು ಸುಮ್ಮನೆ ಕುಳಿತುಬಿಟ್ಟನು. ಅಷ್ಟಕ್ಕೇ ಮೂರು ಲೋಕಗಳ ಉಸಿರು ಕಟ್ಟಿತು. ದೇವತೆಗಳ ಹೊಟ್ಟೆಯುಬ್ಬಿತು, ಯಜ್ಞಗಳು ನಿಂತವು, ವೇದಘೋಷವು ಅಡಗಿತು. ಬ್ರಹ್ಮನೇ ದೇವತೆಗಳೆಲ್ಲರನ್ನೂ ಕರೆದುಕೊಂಡು ಆ ಗುಹೆಯ ಬಾಗಿಲಿಗೆ ಬಂದು ಕೂಸನ್ನು ಕೈಯಿಂದ ಸವರಿದ ಮೇಲೆ, ಕೂಸು ಎದ್ದು ಕುಳಿತ ಮೇಲೆ, ಗಾಳಿಯು ಬೀಸಿತು. ವರಗಳೆಲ್ಲ ಬಂದುದು ಆಮೇಲೆ.

ಭಕ್ತರೇ, ಇದರಲ್ಲಿ ನಮಗೊಂದು ಎಚ್ಚರಿಕೆಯಿದೆ. ಹೊಡೆತ ಬಿದ್ದುದು ಒಂದು ಕೂಸಿಗೆ. ಉಸಿರು ಕಟ್ಟಿದುದು ಲೋಕಕ್ಕೆಲ್ಲ. ಹೊಡೆದವನು ಸಾಮಾನ್ಯನಲ್ಲ, ದೇವತೆಗಳ ಅರಸು. ಆದರೂ ನೊಂದ ತಂದೆಯ ಮೌನವು ಆತನ ಸಿಂಹಾಸನವನ್ನು ಅಲುಗಾಡಿಸಿತು. ನಮ್ಮ ಅಜ್ಜಿಯರು ಉಸುರು ತಗುಲುವುದೆಂದು ಹೇಳಿದುದಕ್ಕೆ ಇದಕ್ಕಿಂತ ದೊಡ್ಡ ಭಾಷ್ಯವು ಬೇರೆ ಬೇಕೇ? ಗಾಳಿಗೆ ಗೋಡೆಯಿಲ್ಲ. ನನ್ನ ಎದೆಯ ಗಾಳಿ ನನ್ನದು, ನೆರೆಯವನ ಎದೆಯ ಗಾಳಿ ಅವನದು ಎಂದು ಪಾಲು ಮಾಡಿಕೊಂಡು ಬದುಕುವುದು ಸಾಧ್ಯವಿಲ್ಲ.

ಅದೇ ಕೂಸು ಬೆಳೆದು ಏನು ಮಾಡಿತೆಂಬುದನ್ನು ಸುಂದರಕಾಂಡವು ಹೇಳುವುದು. ಅಶೋಕವನದಲ್ಲಿ ಸೀತಾದೇವಿಯು ರಾಕ್ಷಸಿಯರ ಬೆದರಿಕೆಯಿಂದ ಬೇಸತ್ತು, ತನ್ನ ಜಡೆಯನ್ನೇ ಉರುಲು ಮಾಡಿಕೊಂಡು ಪ್ರಾಣ ಬಿಡಬೇಕೆಂದು ನಿಶ್ಚಯಿಸಿದ ಗಳಿಗೆಯದು. ಶಿಂಶಪಾ ವೃಕ್ಷದ ಮರೆಯಲ್ಲಿದ್ದ ಹನುಮಂತನು ಆಗ ಗದೆಯನ್ನೆತ್ತಲಿಲ್ಲ. ಆಕೆ ಬೆದರದಂತೆ, ಆಕೆಗೆ ಮಾತ್ರ ಕೇಳಿಸುವಂತೆ, ಮೆಲ್ಲನೆ ರಾಮನ ಕಥೆಯನ್ನು ಉಸುರಿದನು. ಆತನ ಉಸಿರು ಮಾತಾಯಿತು. ಆ ಮಾತು ಆಕೆಗೆ ಉಸಿರಾಯಿತು. ಕನ್ನಡದ ಉಸಿರುವುದು, ಸಂಸ್ಕೃತದ ಆಶ್ವಾಸ, ತೆಲುಗಿನಲ್ಲಿ ನಾವು 'ಊಪಿರಿ ಪೋಸಾಡು' ಎನ್ನುವ ಮಾತು, ಈ ಮೂರೂ ಆ ಒಂದು ಗಳಿಗೆಯಲ್ಲಿ ಕೂಡಿಬಂದವು. ಆತನನ್ನು ಮುಖ್ಯಪ್ರಾಣನೆಂದು ಕರೆಯುವುದು ಇದಕ್ಕಾಗಿಯೂ ಹೌದೆಂದು ನಾನು ನಂಬಿದ್ದೇನೆ.

ಊಪಿರಿ ಪೋಯುವುದು ಎಂದರೆ ಉಸಿರನ್ನು ಎರೆಯುವುದು. ಇದು ಬರಿಯ ಅಲಂಕಾರದ ಮಾತಲ್ಲ. ನಾವು ಒಳಗೆಳೆಯುವ ಗಾಳಿಯಲ್ಲಿ ಆಮ್ಲಜನಕವು ನೂರಕ್ಕೆ 21 ಪಾಲಿನಷ್ಟಿರುವುದು. ನಾವು ಬಳಸಿ ಹೊರಬಿಟ್ಟ ಗಾಳಿಯಲ್ಲಿ ಇನ್ನೂ ಸುಮಾರು 16 ಪಾಲು ಉಳಿದಿರುವುದು. ಆದುದರಿಂದಲೇ ನೀರಿನಲ್ಲಿ ಮುಳುಗಿ ಉಸಿರು ನಿಂತವನ ಬಾಯಿಗೆ ಬಾಯಿಟ್ಟು ಗಾಳಿಯೂದಿ ಬದುಕಿಸಲು ಸಾಧ್ಯವಾಗಿದೆ. ನಮಗೆ ಸಾಕಾಗಿ ಬಿಟ್ಟುದರಲ್ಲಿ ಇನ್ನೊಬ್ಬನ ಜೀವವನ್ನು ಉಳಿಸುವಷ್ಟು ಇರಬೇಕೆಂಬುದು ಸೃಷ್ಟಿಕರ್ತನ ಏರ್ಪಾಡು.

ಈ ಮಾತುಗಳನ್ನು ನಮ್ಮ ಗುಡಿಗೆ ಅನ್ವಯಿಸಿ ನೋಡಬೇಕು. ಜೀರ್ಣೋದ್ಧಾರಕ್ಕೆ ಮೊದಲು ಬಿಂಬದ ಕಳೆಯನ್ನು ಕಲಶಕ್ಕೆ ಆವಾಹಿಸಿ ಬಾಲಾಲಯದಲ್ಲಿಟ್ಟು ಪೂಜಿಸಿದುದನ್ನು ನೀವೆಲ್ಲರೂ ಕಂಡಿದ್ದೀರಿ. ಕೆಲಸ ಮುಗಿದ ಮೇಲೆ ಪ್ರಾಣಪ್ರತಿಷ್ಠೆಯಾಗುವುದು. ಅರ್ಚಕರು ಬಿಂಬದ ಹೃದಯಸ್ಥಾನವನ್ನು ಮುಟ್ಟಿ, ಪ್ರಾಣವೂ ವಾಕ್ಕೂ ಮನಸ್ಸೂ ಕಣ್ಣೂ ಕಿವಿಯೂ ಇಲ್ಲಿ ಬಂದು ಸುಖವಾಗಿ ನೆಲೆಸಲೆಂದು ಪ್ರಾರ್ಥಿಸುವರು. ನಮ್ಮ ಸೀಮೆಯಲ್ಲಿ ಇಂತಹ ಪ್ರತಿಷ್ಠೆಗಳ ಪರಂಪರೆ ದೊಡ್ಡದು. ವ್ಯಾಸರಾಯರು 732 ಆಂಜನೇಯ ಬಿಂಬಗಳನ್ನು ಪ್ರತಿಷ್ಠಿಸಿದರೆಂದು ಸಂಪ್ರದಾಯವು ಹೇಳುವುದು. ಕಸಾಪುರದ ನೆಟ್ಟಿಕಂಟಿ, ಮುರಡಿ, ನೇಮಕಲ್ಲುಗಳ ಸ್ವಾಮಿಗಳನ್ನು ಆ ಪರಂಪರೆಯವರೆಂದೇ ನಂಬಿ ಶ್ರಾವಣದಲ್ಲಿ ಜನರು ಒಂದೇ ದಿನ ಮೂರೂ ಕಡೆ ದರ್ಶನ ಮಾಡುವುದುಂಟು. ಅಂತಹ ಸೀಮೆಯಲ್ಲಿ ಪ್ರಾಣದೇವರಿಗೆ ಪ್ರಾಣಪ್ರತಿಷ್ಠೆ ಮಾಡಹೊರಟ ನಾವು, ಈ ಗುಡಿಯ ಕೆಲಸದಲ್ಲಿ ಯಾರ ಪ್ರಾಣವು ಸವೆಯಿತೆಂದು ಕೇಳದಿರಲಾದೀತೇ?

ಒಂದು ಮಧ್ಯಾಹ್ನದ ಸಂಗತಿಯನ್ನು ಅರಿಕೆ ಮಾಡುವೆನು. ಮುಖಮಂಟಪದ ಕಂಬಗಳ ಕೆಲಸ ನಡೆಯುತ್ತಿದ್ದ ದಿನಗಳಲ್ಲಿ ನಾನು ಗುಡಿಗೆ ಬಂದಿದ್ದೆನು. ಯಂತ್ರದ ಗರಗಸವು ಒಣಕಲ್ಲನ್ನು ಕೊಯ್ಯುತ್ತಿತ್ತು. ಧೂಳಿನಲ್ಲಿ ಆಳಿಗೆ ಆಳು ಕಾಣಿಸುತ್ತಿರಲಿಲ್ಲ. ಕೆಲಸದವರು ಮೂಗಿಗೆ ಟವಲು ಸುತ್ತಿಕೊಂಡಿದ್ದರು. ಟವಲೂ ಹುಬ್ಬೂ ಒಂದೇ ಬಿಳುಪಾಗಿದ್ದವು. ಅವರಲ್ಲೊಬ್ಬನು, ವಯಸ್ಸು ಮೂವತ್ತು ದಾಟಿರಲಾರದು, ನೀರು ಕುಡಿಯಲೆಂದು ನಾಲ್ಕು ಮೆಟ್ಟಿಲು ಹತ್ತಿ ಬಂದು, ಕಂಬವನ್ನು ಹಿಡಿದುಕೊಂಡು ಏದುಸಿರು ಬಿಡುತ್ತ ನಿಂತನು. ಆತನ ಎದೆಯಲ್ಲಿ ಸಿಳ್ಳಿನಂತಹ ಸದ್ದು ಕೇಳಿಸುತ್ತಿತ್ತು. ನಾನು ಅವನಿಗೆ ಕೈಮುಗಿದು, ಒಳಗೆ ಹೋಗಿ ಪ್ರದಕ್ಷಿಣೆ ಮುಗಿಸಿ, ತೀರ್ಥ ತೆಗೆದುಕೊಂಡು ಮನೆಗೆ ಬಂದೆನು. ಯಾರಿಗೂ ಏನನ್ನೂ ಹೇಳಲಿಲ್ಲ. ಉಸಿರನ್ನು ಕುರಿತು ಉಪನ್ಯಾಸ ಬರೆಯುತ್ತಿರುವ ನಾನು ಅಂದು ಉಸಿರೆತ್ತಲಿಲ್ಲ. ಈ ಲೇಖನದ ಉಳಿದ ಭಾಗವು ಆ ತಪ್ಪಿಗೆ ಪ್ರಾಯಶ್ಚಿತ್ತವೆಂದು ತಿಳಿಯಿರಿ.

ಗ್ರಾನೈಟ್ ಕಲ್ಲಿನಲ್ಲಿ ಸಿಲಿಕಾ ಎಂಬ ದ್ರವ್ಯವಿರುವುದು. ಕಲ್ಲನ್ನು ಒಣಗಿದಂತೆಯೇ ಕೊಯ್ದಾಗ ಅದು ಕಣ್ಣಿಗೆ ಕಾಣದಷ್ಟು ನಯವಾದ ಧೂಳಾಗಿ ಉಸಿರಿನೊಡನೆ ಶ್ವಾಸಕೋಶದ ತುದಿಯವರೆಗೂ ಹೋಗಿ ಅಲ್ಲಿಯೇ ನೆಲೆಸುವುದು. ಅದು ನೆಲೆಸಿದ ಕಡೆ ಕಲೆಗಟ್ಟಿ, ಮೆತ್ತಗಿರಬೇಕಾದ ಶ್ವಾಸಕೋಶವು ವರ್ಷಗಳು ಕಳೆದಂತೆ ಬಿರುಸಾಗುವುದು. ಈ ರೋಗಕ್ಕೆ ವೈದ್ಯರು ಸಿಲಿಕೋಸಿಸ್ ಎನ್ನುವರು. ಒಮ್ಮೆ ಕೆಟ್ಟ ಶ್ವಾಸಕೋಶವನ್ನು ಮೊದಲಿನಂತೆ ಮಾಡುವ ಔಷಧವಿಲ್ಲ. ಕ್ಷಯವೂ ಇವರಿಗೆ ಸುಲಭವಾಗಿ ಅಂಟುವುದು. ಆದರೆ ಈ ರೋಗವು ಬಾರದಂತೆ ತಡೆಯುವುದು ಸಾಧ್ಯವಿದೆ. ಕೊಯ್ಯುವಾಗ ಕಲ್ಲಿನ ಮೇಲೆ ನೀರು ಬೀಳುತ್ತಿರಬೇಕು. ಧೂಳನ್ನು ಹೀರುವ ಯಂತ್ರವಿದ್ದರೆ ಇನ್ನೂ ಒಳ್ಳೆಯದು. ಮೂಗಿಗೆ ಟವಲು ಸಾಲದು, ನಯವಾದ ಧೂಳನ್ನು ತಡೆಯುವ ಸರಿಯಾದ ಮಾಸ್ಕ್ ಬೇಕು. ಉಳಿ ಸುತ್ತಿಗೆಗಳ ಕಾಲದಲ್ಲಿಯೂ ಧೂಳು ಏಳುತ್ತಿತ್ತು. ಯಂತ್ರದ ವೇಗಕ್ಕೆ ಏಳುವ ಧೂಳು ಅದಕ್ಕಿಂತ ಬಹಳ ಹೆಚ್ಚಿನದು. ಮಳೆ ಕಡಿಮೆಯಾದ ಸೀಮೆಯಲ್ಲಿ ನೀರು ದುಬಾರಿಯೆಂದು ಹೇಳುವವರಿರಬಹುದು. ದೇವರ ಅಭಿಷೇಕಕ್ಕೆ ನೂರೆಂಟು ಕೊಡ ನೀರನ್ನು ಹೊಂದಿಸಬಲ್ಲ ಊರಿಗೆ ಗರಗಸದ ಮೇಲೆ ಬೀಳುವ ನೀರು ಭಾರವಾಗಲಾರದು.

ಹಿಂದೂಪುರದಿಂದ ಸುಮಾರು 15 ಕಿಲೋಮೀಟರು ದೂರದ ಲೇಪಾಕ್ಷಿಗೆ ನೀವೆಲ್ಲರೂ ಹೋಗಿದ್ದೀರಿ. 16ನೆಯ ಶತಮಾನದಲ್ಲಿ, ವಿಜಯನಗರದ ಅಚ್ಯುತರಾಯನ ಕಾಲಕ್ಕೆ, ವಿರೂಪಣ್ಣ ಮತ್ತು ವೀರಣ್ಣರೆಂಬ ಸಹೋದರರು ಕಟ್ಟಿಸಿದ ವೀರಭದ್ರಸ್ವಾಮಿಯ ಆಲಯವದು. ಏಕಶಿಲೆಯ ಆ ನಂದಿ, ಆ ತೂಗುಕಂಬ, ಚಾವಣಿಯ ಆ ಚಿತ್ರಗಳು, ಇವುಗಳಿಗೆ ಮರುಳಾಗದವರಾರು? ಆದರೆ ಅಲ್ಲಿಗೆ ಹೋದವರಿಗೆಲ್ಲ ಗೋಡೆಯ ಮೇಲೆ ಎರಡು ಕೆಂಪು ಕಲೆಗಳನ್ನೂ ತೋರಿಸುವರು. ಬೊಕ್ಕಸದ ಹಣವನ್ನು ಅಪ್ಪಣೆಯಿಲ್ಲದೆ ವೆಚ್ಚ ಮಾಡಿದನೆಂಬ ಆರೋಪಕ್ಕೆ ಗುರಿಯಾದ ವಿರೂಪಣ್ಣನು, ರಾಜದಂಡನೆಗೆ ಮುಂಚೆ ತನ್ನ ಕಣ್ಣುಗಳನ್ನು ತಾನೇ ಕಿತ್ತು ಆ ಗೋಡೆಗೆ ಎಸೆದನೆಂದೂ, ಅದರಿಂದಲೇ ಕಲ್ಯಾಣಮಂಟಪವು ಅರೆಯಾಗಿ ಉಳಿಯಿತೆಂದೂ ಹೇಳುವರು. ಇದು ಜನರ ಬಾಯಲ್ಲಿ ಬಂದ ಕಥೆ, ಶಾಸನದ ಮಾತಲ್ಲ. ಆದರೆ ಜನರು ಈ ಕಥೆಯನ್ನು ಏಕೆ ಬಿಡದೆ ಹೇಳುತ್ತ ಬಂದರೆಂಬುದು ಯೋಚಿಸತಕ್ಕ ವಿಷಯ. ಎಷ್ಟು ಸುಂದರವಾದ ಗುಡಿಯಾದರೂ ಅದರಲ್ಲಿ ಒಬ್ಬನ ಸಂಕಟವು ಸೇರಿದ್ದರೆ ಊರು ಅದನ್ನು ಮರೆಯುವುದಿಲ್ಲ. ಕಂಬಗಳನ್ನು ಎಣಿಸುವ ಬಾಯಿಯೇ ಆ ಕಲೆಯನ್ನೂ ತೋರಿಸುವುದು.

ನಮ್ಮ ಗುಡಿಯ ಗೋಡೆಯ ಮೇಲೆ ಅಂತಹ ಕಲೆ ಬೇಡ. ಆದುದರಿಂದ ಕುಂಭಾಭಿಷೇಕಕ್ಕೆ ಮುಂಚೆ ಮೂರು ಕೆಲಸಗಳನ್ನು ಮಾಡಬೇಕೆಂದು ಹಿರಿಯರಲ್ಲಿಯೂ ಭಕ್ತರಲ್ಲಿಯೂ ಬೇಡಿಕೊಳ್ಳುವೆನು. ಮೊದಲನೆಯದು, ಸ್ಥಪತಿಯಿಂದ ಹಿಡಿದು ಗಾರೆ ಹೊತ್ತ ಹೆಣ್ಣುಮಗಳವರೆಗೆ ಯಾರ ಕೂಲಿಯೂ ಬಾಕಿಯಿರದಂತೆ ಲೆಕ್ಕ ಚುಕ್ತಾ ಆಗಬೇಕು. ಎರಡನೆಯದು, ಪ್ರಾಕಾರದಲ್ಲಿ ಉಳಿದಿರುವ ಕಲ್ಲುಕೆಲಸವು ನೀರು ಬಿಟ್ಟುಕೊಂಡು, ಸರಿಯಾದ ಮಾಸ್ಕ್ ಧರಿಸಿಯೇ ನಡೆಯಬೇಕು. ಮೂರನೆಯದು, ಇಲ್ಲಿ ಕಲ್ಲು ಕೊಯ್ದ ಪ್ರತಿಯೊಬ್ಬನಿಗೂ ಎದೆಯ ಪರೀಕ್ಷೆಯನ್ನು ಗುಡಿಯ ಖರ್ಚಿನಲ್ಲಿಯೇ ಮಾಡಿಸಬೇಕು. ಖರ್ಚಿನ ಪಟ್ಟಿಯಲ್ಲಿ ಗೋಪುರದ ಬಣ್ಣಕ್ಕೆ ಒಂದು ಸಾಲು, ವಾದ್ಯಕ್ಕೆ ಒಂದು ಸಾಲು ಇರುವಂತೆ ಇದಕ್ಕೂ ಒಂದು ಸಾಲು ಇರಲಿ. ಅದು ದಾನವಲ್ಲ, ಸಾಲದ ಮರುಪಾವತಿ. ಇದಕ್ಕಾಗಿ ಒಂದು ದಿನದ ಸಂತರ್ಪಣೆಯು ಸ್ವಲ್ಪ ಸರಳವಾದರೆ ಪ್ರಾಣದೇವರು ಕೋಪಿಸಿಕೊಳ್ಳನು. ಮಗನಿಗಾಗಿ ಲೋಕದ ಗಾಳಿಯನ್ನೇ ನಿಲ್ಲಿಸಿದವನ ಮಗನಾತನು.

ಪ್ರತಿಷ್ಠೆಯ ದಿನ ಮಂತ್ರಘೋಷದ ನಡುವೆ ಅರ್ಚಕರು ಬಿಂಬದ ಎದೆಯನ್ನು ಮುಟ್ಟುವಾಗ, ನಾವೆಲ್ಲರೂ ನಮ್ಮ ನಮ್ಮ ಎದೆಯ ಮೇಲೊಮ್ಮೆ ಕೈಯಿಟ್ಟುಕೊಳ್ಳೋಣ. ಅಲ್ಲಿ ಆಡುತ್ತಿರುವ ಉಸಿರು ನಾವು ಸಂಪಾದಿಸಿದುದಲ್ಲ. ಅದರಿಂದ ಒಬ್ಬರಿಗೆ ಧೈರ್ಯದ ಮಾತನ್ನು ಉಸುರಬಹುದು. ಒಬ್ಬರ ಉಸುರನ್ನು ಕಟ್ಟಿಕೊಳ್ಳಲೂಬಹುದು. ಅಂದು ಆ ಶಿಲ್ಪಿಗಳನ್ನೂ ಕೂಲಿಯವರನ್ನೂ ಮೊದಲ ಸಾಲಿನಲ್ಲಿ ಕುಳ್ಳಿರಿಸೋಣ. ಮೊದಲ ತೀರ್ಥವು ಅವರ ಕೈಗೆ ಬೀಳಲಿ. ಅವರು ಸರಾಗವಾಗಿ ಉಸಿರಾಡುತ್ತ ಸ್ವಾಮಿಯ ಕಡೆಗೆ ನೋಡಿದರೆಂದರೆ ನಮ್ಮ ಜೀರ್ಣೋದ್ಧಾರವು ಪೂರ್ಣವಾಯಿತೆಂದು ತಿಳಿಯೋಣ.

ಮುಖ್ಯಪ್ರಾಣನು ಎರಡು ನುಡಿಯ ನಮ್ಮೆಲ್ಲರಿಗೂ ದೀರ್ಘಾಯುರಾರೋಗ್ಯಗಳನ್ನಿತ್ತು ಕಾಪಾಡಲಿ.

ಸನ್ಮಂಗಳಾನಿ ಭವಂತು.